ಮೈನಸ್ ಇಪ್ಪತ್ತು ದನ

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕೆ.ಆರ್. ನಗರದ ನನ್ನ ಮನೆಯಿಂದ ತವರಿಗೆ ಹೋಗಬೇಕೆಂದರೆ ಅಲ್ಲಿ ಇಳಿದು ಊರಿನ ಬಸ್ಸಿಗೆ ಕಾಯಲೇಬೇಕು, ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲ. ಹೋದ ತಿಂಗಳು ಹೋದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ನಿಲ್ಲಲು ಜಾಗ ಸಿಗದೆ ಗೊಬ್ಬರದಂಗಡಿಯ ಜಗಲಿ ಹತ್ತಿದೆ. ಬಸ್ಸು ತಡವಾಗುತ್ತದೆ ಎಂದು ತಿಳಿಸಲು ಅಪ್ಪನ ಮೊಬೈಲಿಗೆ ಮೂರ್ನಾಲ್ಕು ಸಲ ಫೋನು ಮಾಡಿದೆ. ರಿಂಗಾಗಿ ಆಗಿ ನಿಂತಿತು, ಯಾರೂ ಎತ್ತಲಿಲ್ಲ. ಆಗ ಮೂಗಿಗೆ ಬಡಿಯಿತು ಆ ವಾಸನೆ: ಒದ್ದೆ ಗೋಣಿಚೀಲ, ಯೂರಿಯಾ, ಹತ್ತಿಗೆ ಹೊಡೆಯುವ ಔಷಧಿ, ಮೂರೂ ಕಲಸಿದ್ದು. ಪಕ್ಕದಲ್ಲಿ ಅದೇ ಕಡಿದಾದ ಮೆಟ್ಟಿಲು. ಮೇಲುಗಡೆ ಈಗ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯಿದೆ. ಅದರೊಳಗಿಂದ ಯಾರೋ ಗದರುತ್ತಿದ್ದ: “ನೆಟ್ಟಗ್ ಎಬ್ಬೆಟ್ ಒತ್ತಾಕೂ ಬರಾಕಿಲ್ವಾ ಅಜ್ಜಿ ನಿಂಗೆ? ಮಿಷಿನ್ನೇ ಕೆಡಿಸ್‌ಬುಡ್ತೀಯ ಕಣಜ್ಜಿ!”

ನಾನು ಮೆಟ್ಟಿಲು ಹತ್ತಿ ಹೋಗಿ ಅವನಿಗೆ ಬಾಯಿಗೆ ಬಂದಂತೆ ಬೈದೆ. ಆ ಯಮ್ಮ ಒತ್ತಿದ್ದು ಸರಿಯಾಗೇ ಇದೆ, ತಗೋಳೋಕೆ ಬರದೆ ಹೋದರೆ ಅದು ನಿನ್ನ ಮಿಷಿನ್ನಿನ ಹಣೆಬರಹ ಎಂದೆ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಅಜ್ಜಿಯೂ ನನ್ನನ್ನೇ ನೋಡಿದಳು. ಎಲ್ಲಿಂದ ಬಂದಳಪ್ಪ ಈ ಹುಚ್ಚಿ ಎಂದುಕೊಂಡಿರಬೇಕು ಇಬ್ಬರೂ. ನಾನು ಬೈದದ್ದು ಅವನಿಗಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಮಾತನ್ನಾಡಿದ ಇನ್ನೊಬ್ಬರಿಗೆ ಬೈಯುವುದು ಬಾಕಿ ಉಳಿದಿತ್ತು.

ಆಗ ಅಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಹೊಸ ಶತಮಾನ ಆಗಷ್ಟೇ ಕಣ್ಣುಬಿಟ್ಟ ಕಾಲ. ಕಂಪ್ಯೂಟರ್ ಕಲಿಯದವರು ಕುರುಡರಿಗೆ ಸಮ ಎಂದು ಕಂಡಕಂಡವರೆಲ್ಲ ಹೇಳುತ್ತಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನು ಹಟ ಹಿಡಿದು ಸೇರಿಕೊಂಡೆ. ಬೋರ್ಡಿನ ಮೇಲೆ ಬರೆಸಿದ್ದ ಕಂಪ್ಯೂಟರೇ ಒಳಗಿದ್ದ ಕಂಪ್ಯೂಟರುಗಳಿಗಿಂತ ಚೆನ್ನಾಗಿತ್ತು. ಇದ್ದದ್ದು ನಾಲ್ಕು, ಅದರಲ್ಲಿ ಒಂದು ಬರೀ ತೋರಿಕೆಗೆ. ಚಪ್ಪಲಿ ಹೊರಗೆ ಬಿಡಬೇಕು, ಕಾಲು ಒರೆಸಬೇಕು, ಕೆಮ್ಮಬೇಕಾದರೆ ಬಾಗಿಲಾಚೆ ಹೋಗಿ ಕೆಮ್ಮಬೇಕು. ಬಸ್ಸು ಸರಿಯಾಗಿ ಬಂದ ದಿನ ಕರೆಂಟಿಲ್ಲ, ಕರೆಂಟಿದ್ದ ದಿನ ಬಸ್ಸಿಲ್ಲ. ಕೆಳಗಡೆಯ ಗೊಬ್ಬರದ ವಾಸನೆ ಮಾತ್ರ ತಪ್ಪದೆ ಹಾಜರಿ ಹಾಕುತ್ತಿತ್ತು.

ಕೇಂದ್ರದ ಯಜಮಾನರೂ ಮೇಷ್ಟರೂ ಎಲ್ಲ ಪ್ರಭಾಕರ ಸರ್ ಒಬ್ಬರೇ. ಹನಗೋಡಿನ ಕಡೆಯವರು. ಲಕ್ಷ್ಮಣತೀರ್ಥದ ದಂಡೆಯಲ್ಲಿ ಅವರ ಗದ್ದೆಯಿತ್ತು, ಅಣ್ಣ ನೋಡಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿಗೊಂದು ಇಂಗ್ಲಿಷ್. ನಮಗೆ ಪ್ರೋಗ್ರಾಮ್ ಬರೆಯುವ ಸಿ ಭಾಷೆಯನ್ನು ಅವರು ಕಲಿಸಿದ್ದು ಹೇಗೆಂದರೆ, ತಮ್ಮ ಹತ್ತಿರವಿದ್ದ ಜೆರಾಕ್ಸ್ ಹಾಳೆಗಳನ್ನು ಕೊಟ್ಟು ಹಾಗೇ ಟೈಪ್ ಮಾಡಿಸುವುದು. ಯಾಕೆ ಹೀಗೆ ಎಂದು ಕೇಳಿದರೆ “ಅದು ಹಾಗೇ” ಎನ್ನುವುದು. ನಾನು ಮತ್ತು ಪಕ್ಕದ ಕೋಟೆ ಪಟ್ಟಣದಿಂದ ಬರುತ್ತಿದ್ದ ನನ್ನ ಗೆಳತಿ ಪ್ರೇಮ ಅಕ್ಕಪಕ್ಕ ಕೂತು ಅದನ್ನೇ ಮಾಡುತ್ತಿದ್ದೆವು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಸರ್‌ಗೆ ಒಂದು ಆಸೆ ಹುಟ್ಟಿತು. ಹ್ಯಾಂಡ್‌ಪೋಸ್ಟಿನಲ್ಲಿ ಹತ್ತಿ ಬೆಳೆಯುವವರ ಒಂದು ಸಂಘವಿತ್ತು. ಅದರ ಕಂಪ್ಯೂಟರ್ ಕೆಲಸವೆಲ್ಲ ತಮಗೇ ಸಿಗಬೇಕು ಎಂಬ ಆಸೆ. ಅದಕ್ಕಾಗಿ ಒಂದು ಸಣ್ಣ ಪ್ರೋಗ್ರಾಮ್ ಬರೆದರು, ನಾವಿಬ್ಬರು ಟೈಪ್ ಮಾಡಿದೆವು. ಕಪ್ಪು ಪರದೆಯ ಮೇಲೆ ಅದು ಎರಡೇ ಪ್ರಶ್ನೆ ಕೇಳುತ್ತಿತ್ತು: ಜಮೀನು ಎಷ್ಟು ಎಕರೆ? ದನ ಎಷ್ಟು? ಉತ್ತರ ಒತ್ತಿದರೆ ಮನೆಯ ದನದಿಂದ ಎಷ್ಟು ಗಾಡಿ ಕೊಟ್ಟಿಗೆ ಗೊಬ್ಬರ ಸಿಗುತ್ತದೆ, ಹೊಲಕ್ಕೆ ಇನ್ನೆಷ್ಟು ಚೀಲ ಗೊಬ್ಬರ ಕೊಳ್ಳಬೇಕು ಎಂದು ತೋರಿಸುತ್ತಿತ್ತು. ಕೊನೆಗೆ, ಮತ್ತೆ ಮಾಡಬೇಕಾದರೆ ಒಂದು ಒತ್ತಿ ಎನ್ನುತ್ತಿತ್ತು. ಇಷ್ಟೇ. ನಾವು ಮೂರು ಎಕರೆ ನಾಲ್ಕು ದನ, ಐದು ಎಕರೆ ಎರಡು ದನ ಎಂದು ಒತ್ತಿ ನೋಡಿದೆವು, ಸರಿಯಾಗಿ ಬಂತು.

ಸಂಘದವರ ಮುಂದೆ ತೋರಿಸುವ ದಿನ ಒಬ್ಬ ರೈತನೇ ಬಂದು ಕೀಲಿ ಒತ್ತಬೇಕು, ಆಗ ಎಲ್ಲರೂ ಬೆರಗಾಗುತ್ತಾರೆ ಎಂಬುದು ಸರ್‌ ಲೆಕ್ಕಾಚಾರ. “ನಿಮ್ಮಪ್ಪನ್ನ ಕರ್ಕೊಂಡ್ ಬಾರಮ್ಮ, ನೀನೇ ಕಲಿಸಿರ್ತೀಯ, ಸುಲಭ,” ಎಂದರು.

ಅಪ್ಪ ನಾಲ್ಕನೇ ತರಗತಿ ಓದಿದವನು. ಅಂಕಿಯೆಲ್ಲ ಬರುತ್ತಿತ್ತು, ಬಸ್ಸಿನ ಬೋರ್ಡು ಓದುತ್ತಿದ್ದ. ವಿಷಯ ಹೇಳಿದಾಗ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. “ನಾನಾ? ಕಂಪೂಟ್ರು ಒತ್ತಾದಾ?” ಎಂದು ಅವ್ವನನ್ನು ಕೂಗಿ ಕೂಗಿ ಹೇಳಿದ. ಅವ್ವ ಸಗಣಿ ಹಾಕಿ ಸಾರಿಸಿದ್ದ ಅಂಗಳದಲ್ಲಿ ನಾನು ಸೀಮೆಸುಣ್ಣದಿಂದ ಕೀಬೋರ್ಡಿನ ಮೇಲಿನ ಸಾಲು ಬರೆದೆ, ಒಂದರಿಂದ ಸೊನ್ನೆಯವರೆಗೆ. ಬಲಕ್ಕೆ ದೊಡ್ಡದಾಗಿ ಎಂಟರ್ ಬರೆದೆ. ಅಪ್ಪ ಕುಕ್ಕರಗಾಲಿನಲ್ಲಿ ಕೂತು ತೋರುಬೆರಳಿನಿಂದ ಒತ್ತಿ ಒತ್ತಿ ಅಭ್ಯಾಸ ಮಾಡಿದ.

“ಅಡ್ಡಗೆರೆ ಎಲ್ಲವ್ವ ಬರೆದಿಲ್ಲ? ನಮ್ದು ಎರಡು-ಇಪ್ಪತ್ತಲ್ವಾ?”

ಹೌದಲ್ಲ ಎಂದು ಸೊನ್ನೆಯ ಪಕ್ಕದಲ್ಲಿ ಒಂದು ಅಡ್ಡಗೆರೆಯ ಕೀಲಿಯನ್ನೂ ಬರೆದೆ. ನಮ್ಮದು ಎರಡು ಎಕರೆ ಇಪ್ಪತ್ತು ಗುಂಟೆ. ಪಹಣಿಯಲ್ಲಿ, ಕಂದಾಯದ ರಸೀದಿಯಲ್ಲಿ, ಊರಿನ ಬಾಯಲ್ಲಿ ಎಲ್ಲ ಕಡೆ ಅದು ಎರಡು ಹಾಕಿ, ಅಡ್ಡಗೆರೆ ಎಳೆದು, ಇಪ್ಪತ್ತು. ಜಮೀನನ್ನು ಬೇರೆ ಥರ ಬರೆಯುವವರನ್ನು ನಾನು ನಮ್ಮ ಸೀಮೆಯಲ್ಲಿ ಕಂಡಿಲ್ಲ. ದಾಯಾದಿಗಳಲ್ಲಿ ಭಾಗವಾದ ಮೇಲೆ ಪೂರ್ತಿ ಎಕರೆ ಯಾರ ಹತ್ತಿರ ಉಳಿದಿದೆ?

ಸಂಘದ ಗೋದಾಮಿಗೆ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಸಾಗಿಸಿದೆವು. ಮೋಡ ಕಟ್ಟಿತ್ತು. ಭರಣಿ ಮಳೆ ಇವತ್ತೋ ನಾಳೆಯೋ ಎಂಬಂತಿತ್ತು, ಬಿತ್ತನೆಗೆ ಕಾದಿದ್ದ ರೈತರೆಲ್ಲ ಬೀಜ ವಿಚಾರಿಸಲು ಬಂದವರು ಅಲ್ಲೇ ನೆರೆದಿದ್ದರು. ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರು. ಅಪ್ಪ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಹೊಸ ಟವಲ್ಲು ಹಾಕಿಕೊಂಡು ಬಂದಿದ್ದ. ಸರ್ ಒಂದಿಷ್ಟು ಭಾಷಣ ಬಿಗಿದು, “ಬನ್ನಿ ಗೌಡ್ರೇ, ನೀವೇ ಒತ್ತಿ,” ಎಂದರು.

ಅಪ್ಪ ಎರಡು ಒತ್ತಿದ. ಅಡ್ಡಗೆರೆ ಒತ್ತಿದ. ಎರಡು, ಸೊನ್ನೆ ಒತ್ತಿದ. ಅಂಗಳದಲ್ಲಿ ಕಲಿತ ಹಾಗೇ, ಒಂದೂ ತಪ್ಪಲಿಲ್ಲ. ಹೆಮ್ಮೆಯಿಂದ ನನ್ನ ಕಡೆ ಒಮ್ಮೆ ನೋಡಿ ಎಂಟರ್ ಒತ್ತಿದ.

ದನ ಎಷ್ಟು ಎಂಬ ಪ್ರಶ್ನೆ ಬಂತು, ಆದರೆ ಅದು ಅಪ್ಪನ ಉತ್ತರಕ್ಕೆ ಕಾಯಲೇ ಇಲ್ಲ. ಸರಕ್ಕನೆ ಮುಂದಕ್ಕೆ ಹೋಗಿ ಲೆಕ್ಕ ತೋರಿಸಿಬಿಟ್ಟಿತು. ದನ: ಮೈನಸ್ ಇಪ್ಪತ್ತು. ಅದಕ್ಕೆ ತಕ್ಕಂತೆ ಗೊಬ್ಬರವೂ ಮೈನಸ್ಸಿನಲ್ಲೇ ಇಷ್ಟು ಗಾಡಿ. ಅಧ್ಯಕ್ಷರ ಪಕ್ಕದಲ್ಲಿದ್ದವರು ಅದನ್ನು ಗಟ್ಟಿಯಾಗಿ ಓದಿದರು.

“ಯಾಕ್ಲಾ, ಇಪ್ಪತ್ ದನ ಮೈನಸ್ ಅಂತೆ? ಇರಾ ನಾಲ್ಕೂ ಒಂಟೋಗಿ, ಮ್ಯಾಲ್ ಅದಿನಾರ್ನ ನೀನೇ ಕೊಡ್ಬೇಕೇನ್ಲಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಗೋದಾಮೆಲ್ಲ ನಕ್ಕಿತು. ಅಪ್ಪನೂ ನಕ್ಕ. ಅಲ್ಲಿಗೇ ಮುಗಿದಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ.

ಸರ್ ಮುಖ ಕೆಂಪಗಾಯಿತು. “ರೀ, ಹಾಗಲ್ಲ ಕಣ್ರೀ! ಗೆರೆ ಯಾಕ್ ಹಾಕ್ತೀರಿ? ಚುಕ್ಕಿ ಹಾಕಿ, ಚುಕ್ಕಿ!” ಎಂದು ತಾವೇ ಒಂದನ್ನು ಒತ್ತಿ ಮತ್ತೆ ಶುರು ಮಾಡಿಸಿ, ಚುಕ್ಕಿಯ ಕೀಲಿಯನ್ನು ಬೆರಳಿಟ್ಟು ತೋರಿಸಿದರು. ಅಪ್ಪ ಎರಡು, ಚುಕ್ಕಿ, ಇಪ್ಪತ್ತು ಒತ್ತಿ ಎಂಟರ್ ಒತ್ತಿದ.

ಪರದೆಗೆ ದೆವ್ವ ಹಿಡಿಯಿತು. ಸಾಲು ಮೇಲೆ ಸಾಲು, ದನ ಮೈನಸ್ ಇಪ್ಪತ್ತು, ದನ ಮೈನಸ್ ಇಪ್ಪತ್ತು ಎಂದು ಕೆಳಗಿಂದ ಹುಟ್ಟಿ ಮೇಲಕ್ಕೆ ಓಡತೊಡಗಿತು. ನಿಲ್ಲುವುದೇ ಇಲ್ಲ. ಸರ್ ಸಿಕ್ಕಸಿಕ್ಕ ಕೀಲಿಯನ್ನೆಲ್ಲ ಕುಟ್ಟಿದರು. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

“ಕೆಡಿಸ್‌ಬಿಟ್ರಲ್ರೀ ಮಿಷಿನ್ನ! ಓದಿದ ಮಗಳಿದ್ದಾಳೆ ಅಂತ ನಂಬಿದ್ದೇ ನನ್ನ ತಪ್ಪು. ಸಗಣಿ ಎತ್ತೋ ಕೈಯಲ್ಲಿ ಇದನ್ನ ಮುಟ್ಟಿಸ್ಬಾರದಿತ್ತು.”

ಅಪ್ಪ ಹೆಗಲ ಮೇಲಿನ ಟವಲ್ಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಕೈ ಮುಗಿದ. “ತಪ್ಪಾಯ್ತು ಬುದ್ಧಿ. ಗೊತ್ತಾಗ್ನಿಲ್ಲ,” ಎಂದ. ಒಂದು ಸಲವಲ್ಲ. ಸರ್‌ಗೆ ಹೇಳಿದ, ಅಧ್ಯಕ್ಷರ ಕಡೆ ತಿರುಗಿ ಹೇಳಿದ, ಕಡೆಗೆ ಆ ಆರಿಹೋದ ಪರದೆಗೂ ಹೇಳುವವನ ಹಾಗೆ ನಿಂತಿದ್ದ. ಚುಕ್ಕಿ ಹಾಕಿ ಅಂದವರು ಯಾರು ಎಂದು ನಾನೂ ಸೇರಿ ಅಲ್ಲಿದ್ದ ಒಬ್ಬರೂ ಕೇಳಲಿಲ್ಲ.

ಅಪ್ಪ ಮನೆಗೆ ಬಂದು ಕಾಲು ತೊಳೆದುಕೊಂಡು ಅಂಗಳದಲ್ಲಿನ ಸೀಮೆಸುಣ್ಣದ ಸಾಲನ್ನು ಸುತ್ತಿಕೊಂಡು ಒಳಗೆ ಹೋದ, ತುಳಿಯಲಿಲ್ಲ. “ಸಾಕು ಬುಡವ್ವ, ಇನ್ ಓಗ್ಬ್ಯಾಡ. ಅವ್ರ್ ಮಕ ನೋಡಾಕ್ ನಂಗಾಯ್ಕಿಲ್ಲ,” ಎಂದ. ನೀನೇನೂ ಕೆಡಿಸಿಲ್ಲ ಅಂದೆ. ಹೇಗೆ ಎಂದು ಕೇಳಿದರೆ ಹೇಳಲು ನನಗೂ ಬರುತ್ತಿರಲಿಲ್ಲ, ಅವನು ಕೇಳಲೂ ಇಲ್ಲ. ಮಾರನೆಯ ದಿನ ಭರಣಿ ಮಳೆ ಸುರಿದು ಅಂಗಳದ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಯಿತು.

ಆಮೇಲೆ ಬಿತ್ತನೆ. ಅಪ್ಪ ನೇಗಿಲು ಹಿಡಿದು ಸಾಲು ಹೊಡೆಯುವುದು, ಅವ್ವ ಮತ್ತು ನಾನು ಹಿಂದೆ ಹತ್ತಿ ಬೀಜ ಹಾಕಿ ಕಾಲಿನಿಂದ ಮಣ್ಣು ಮುಚ್ಚುತ್ತಾ ಹೋಗುವುದು. ಕಪ್ಪು ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಭಾರವಾಗುತ್ತಿತ್ತು. ಅಪ್ಪ ಎತ್ತಿಗೆ ಎಂದೂ ಬೈಯುವವನಲ್ಲ, ಆ ಸಲ ಎತ್ತಿನ ಜೊತೆಗೂ ಮಾತಾಡಲಿಲ್ಲ. ಊರವರು ಬದುವಿನ ಮೇಲೆ ಹೋಗುವಾಗ “ಏನ್ಲಾ, ದನ ಎಷ್ಟಾದೊ?” ಎಂದು ಕೂಗುತ್ತಿದ್ದರು. ಅಪ್ಪ ಹಲ್ಲು ಬಿಟ್ಟು ನಗುತ್ತಿದ್ದ. ಆ ನಗುವನ್ನು ನೋಡಿ ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವನು ಸಿಟ್ಟು ಮಾಡಿಕೊಳ್ಳಬೇಕಿತ್ತು. ಅವನ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡು ತಿರುಗಿದೆ.

ಬಿತ್ತನೆ ಮುಗಿದ ಮೇಲೆ ಅಪ್ಪ ಬೇಡವೆಂದರೂ ಹೋದೆ. ಸರ್ ಮೈಸೂರಿಗೆ ಹೋಗಿದ್ದರು. ಪ್ರೇಮ ಕೂತಿದ್ದಳು, ಅದೇ ಕಂಪ್ಯೂಟರಿನ ಮುಂದೆ.

“ಇದು ಕೆಟ್ಟೋಗಿತ್ತಲ್ವಾ?” ಎಂದೆ.

“ಏನೂ ಆಗಿರ್ಲಿಲ್ಲ ಕಣೇ. ಅವತ್ತೇ ತಂದು ಹಾಕಿದ್ರೆ ಓಡ್ತು. ಸರ್ ಮುಂದೇನೇ,” ಎಂದಳು.

ಅಂದರೆ ಅವರಿಗೆ ಅವತ್ತೇ ಗೊತ್ತಾಗಿತ್ತು. ಒಂದು ಮಾತು ಹೇಳಿ ಕಳಿಸಲಿಲ್ಲ. ನಾನು ಪ್ರೇಮಳನ್ನು ಪಕ್ಕಕ್ಕೆ ಸರಿಸಿ ಕೂತೆ. ಅಪ್ಪ ಒತ್ತಿದ್ದನ್ನೇ ಒತ್ತಿದೆ. ಮೈನಸ್ ಇಪ್ಪತ್ತು ದನ ಬಂದವು. ಸರಿ, ಯಾವಾಗ ಒತ್ತಿದರೂ ಅದೇ ಬರುತ್ತದೆಂದರೆ ಅದು ಕೈಯ ದೋಷವಂತೂ ಅಲ್ಲ. ಪ್ರೋಗ್ರಾಮಿನಲ್ಲಿ ಪ್ರತಿಯೊಂದು ಪ್ರಶ್ನೆಯ ಕೆಳಗೂ ಒಂದು ಸಾಲು ಸೇರಿಸಿದೆವು, ನೀನು ಈಗ ಏನು ತಗೊಂಡೆ ಹೇಳು ಎಂದು ಕಂಪ್ಯೂಟರನ್ನೇ ಕೇಳುವ ಸಾಲು. ಆಗ ಕಳ್ಳ ಸಿಕ್ಕ.

ನಮ್ಮ ಪ್ರೋಗ್ರಾಮಿಗೆ ಹೇಳಿದ್ದು ಒಂದು ಪೂರ್ಣ ಅಂಕಿ ತೆಗೆದುಕೋ ಎಂದು. ಅದು ಎರಡನ್ನು ತೆಗೆದುಕೊಂಡಿತು, ಗೆರೆ ಕಂಡ ಕೂಡಲೇ ನಿಂತಿತು. ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ, ಬಾಗಿಲಲ್ಲೇ ಕಾದಿರುತ್ತದೆ. ದನ ಎಷ್ಟು ಎಂಬ ಪ್ರಶ್ನೆ ಬರುವುದೇ ತಡ, ಬಾಗಿಲಲ್ಲಿದ್ದ ಗೆರೆಯೂ ಇಪ್ಪತ್ತೂ ಒಟ್ಟಿಗೆ ಒಳಗೆ ನುಗ್ಗಿ ಮೈನಸ್ ಇಪ್ಪತ್ತು ಆಗುತ್ತದೆ. ಚುಕ್ಕಿಯದು ಇನ್ನೂ ಅಧ್ವಾನ. ಚುಕ್ಕಿ ಪೂರ್ಣ ಅಂಕಿಯ ಭಾಗವಲ್ಲ, ಅದನ್ನು ಪ್ರೋಗ್ರಾಮು ಒಳಗೂ ಬಿಡುವುದಿಲ್ಲ, ಹೊರಗೂ ತಳ್ಳುವುದಿಲ್ಲ. ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಒಬ್ಬ ಮೂಟೆ ಇಟ್ಟುಕೊಂಡು ನಿಂತುಬಿಟ್ಟರೆ ಹಿಂದಿನವರು ಯಾರೂ ಹತ್ತಲಾಗದಲ್ಲ, ಹಾಗೆ. ಮುಂದಿನ ಯಾವ ಉತ್ತರವೂ ಒಳಗೆ ಬರದೆ, ಮತ್ತೆ ಮಾಡಲು ಸರ್ ಒತ್ತಿದ್ದ ಒಂದು ಹಾಗೇ ಉಳಿದು, ಅದು ಹಳೆಯ ಎರಡು ಎಕರೆಯನ್ನೂ ಹಳೆಯ ಮೈನಸ್ ಇಪ್ಪತ್ತು ದನವನ್ನೂ ಮತ್ತೆ ಮತ್ತೆ ಕಕ್ಕುತ್ತಿತ್ತು. ಚುಕ್ಕಿ ಹಾಕಿಸಿದ್ದು ಸರ್. ದೆವ್ವ ಹಿಡಿಸಿದ್ದೂ ಸರ್.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಎರಡರಷ್ಟಾಯಿತು.

ಸರ್ ಬಂದ ಮೇಲೆ ಎಲ್ಲವನ್ನೂ ಮಾಡಿ ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿ ನೋಡಿದರು. “ಓ, ಇಷ್ಟೇನಾ? ಹಾಗಾದ್ರೆ ಪೂರ್ತಿ ಎಕರೆ ಮಾತ್ರ ಒತ್ತಿ ಅಂತ ಮೇಲೆ ಒಂದು ಲೈನ್ ಹಾಕ್ಬಿಡು. ಯೂಸರ್ಸ್‌ಗೆ ಡಿಸಿಪ್ಲಿನ್ ಬರ್ಬೇಕು,” ಎಂದರು.

“ಪೂರ್ತಿ ಎಕರೆ ಯಾರತ್ರ ಇದೆ ಸರ್?”

“ಅದು ಅವರ ಪ್ರಾಬ್ಲಂ. ಹಳ್ಳಿಯವರು ಗೆರೆ ಎಳ್ಕೊಂಡು ಬರೀತಾರೆ ಅಂತ ಕಂಪ್ಯೂಟರ್ ಬಗ್ಗಬೇಕಾ?”

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಹನಗೋಡಿನಿಂದ ಅವರ ಅಣ್ಣ. ನಾಟಿಗೆ ಆಳಿನ ಮಾತು. ಸರ್ ಬಿಳಿ ಅಂಗಿಯ ತೋಳು ಮಡಿಸಿಕೊಂಡು, ಇಂಗ್ಲಿಷನ್ನೆಲ್ಲ ಪಕ್ಕಕ್ಕಿಟ್ಟು ಕೂಗಿ ಮಾತಾಡಿದರು: “ಊಂ ಕಣಣ್ಣ, ಒಳೆ ಮಗ್ಗುಲ್ದು ಮೂರು-ಅದಿನೈದು ಪೂರಾ ನಾಟಿ ಆಗ್ಲಿ. ಬುಡ್ಬ್ಯಾಡ.”

ಮೂರು-ಹದಿನೈದು. ಮೂರು ಎಕರೆ ಹದಿನೈದು ಗುಂಟೆ. ಇವರಿಗೂ ಗೆರೆ ಇದೆ! ಗೊತ್ತಿಲ್ಲದವರು ತಪ್ಪು ಮಾಡಿದರೆ ನನಗೆ ಅಷ್ಟು ಹೊಟ್ಟೆ ಉರಿಯುವುದಿಲ್ಲ. ಇವರು ನಮ್ಮ ಹಾಗೇ ಮಣ್ಣಿನಲ್ಲಿ ಹುಟ್ಟಿ, ನಮ್ಮ ಹಾಗೇ ಗುಂಟೆಯಲ್ಲಿ ಎಣಿಸುವವರು. ಅಪ್ಪ ಗೆರೆ ಯಾಕೆ ಒತ್ತಿದ ಎಂದು ಆ ಗೋದಾಮಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಇವರೇ. ಗೊತ್ತಿದ್ದೂ ಸಗಣಿಯ ಕೈ ಎಂದರು.

“ಸರ್, ಗೆರೆ ಹಾಕಿದರೂ ತಗೊಳ್ಳೋ ಹಾಗೆ ನಾನು ಸರಿ ಮಾಡಿಕೊಡ್ತೀನಿ. ಆದರೆ ನೀವು ನಮ್ಮಪ್ಪನಿಗೆ ಒಂದು ಮಾತು ಹೇಳಬೇಕು. ಮಿಷಿನ್ ಕೆಟ್ಟಿರಲಿಲ್ಲ, ನಿಮ್ಮದು ತಪ್ಪಿಲ್ಲ ಅಂತ. ಅಷ್ಟೇ ಸಾಕು,” ಎಂದೆ. ಸಂಘದವರು ಇನ್ನೊಂದು ಸಲ ನೋಡುತ್ತೇವೆ ಎಂದಿದ್ದರಿಂದ ಸರ್‌ಗೂ ಅದು ಬೇಕಿತ್ತು. “ಆಯ್ತಮ್ಮ, ಸಿಕ್ದಾಗ ಹೇಳೋಣ,” ಎಂದರು.

ಸರಿ ಮಾಡಲು ನಾನು ಪಟ್ಟ ಪಾಡು ಹೇಳುವುದು ಬೇಡ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಕೊನೆಗೆ ಎಕರೆ, ಗೆರೆ, ಗುಂಟೆ ಮೂರನ್ನೂ ಒಟ್ಟಿಗೇ ಓದಿಸುವುದನ್ನು ಕಲಿತೆ. ಗುಂಟೆ ಇಲ್ಲದಿದ್ದರೂ ನಡೆಯಬೇಕು, ಗುಂಟೆ ನಲವತ್ತು ಮುಟ್ಟಬಾರದು, ಬಾಗಿಲಲ್ಲಿ ಏನಾದರೂ ಉಳಿದರೆ ಗುಡಿಸಿ ಹಾಕಬೇಕು, ಏನೋ ತಪ್ಪಾದರೆ ಬೈಯದೆ ಇನ್ನೊಂದು ಸಲ ಕೇಳಬೇಕು. ಬೈಯದೆ ಎಂಬುದನ್ನು ನಾನು ಬೇಕೆಂದೇ ಸೇರಿಸಿದ್ದು. ಹಳೆಯ ಪ್ರೋಗ್ರಾಮನ್ನು ಅಳಿಸಲಿಲ್ಲ. ಅದೂ ಅಲ್ಲೇ ಇತ್ತು.

ಒಂದು ಸಂತೆಯ ದಿನ ಅಪ್ಪ ಕೆಳಗಿನ ಅಂಗಡಿಗೆ ಮೇಲುಗೊಬ್ಬರ ವಿಚಾರಿಸಲು ಬಂದಿದ್ದ. ಸರ್ ಟೀ ಕುಡಿಯಲು ಮೆಟ್ಟಿಲಿಳಿದರು, ನಾನು ಹಿಂದೆಯೇ ಇದ್ದೆ. ಈಗ ಹೇಳುತ್ತಾರೆ ಎಂದುಕೊಂಡೆ. ಅಪ್ಪ ಅವರನ್ನು ಕಂಡವನೇ ಗೋಣಿಚೀಲಗಳ ಪಕ್ಕಕ್ಕೆ ಸರಿದು ನಿಂತ.

“ಏನ್ ಗೌಡ್ರೇ!” ಎಂದರು ಸರ್, ಅಂಗಡಿಯವರಿಗೆಲ್ಲ ಕೇಳುವಂತೆ. “ಮೇಲಕ್ ಮಾತ್ರ ಬರ್ಬೇಡಿ ಕಣ್ರೀ, ಇನ್ನೊಂದ್ ಮಿಷಿನ್ ಕೆಡಿಸೀರಿ!”

ಅಂಗಡಿಯಲ್ಲಿದ್ದವರು ಕಿಸಕ್ಕನೆ ನಕ್ಕರು. ಅಪ್ಪ ಕೈ ಮುಗಿದು, “ಇಲ್ಲ ಬುದ್ಧಿ, ನಾ ಯಾಕ್ ಬರ್ಲಿ,” ಎಂದು ತಾನೂ ನಕ್ಕ. ಸರ್ ನನ್ನ ಕಡೆ ಒಂದು ಸಲವೂ ನೋಡದೆ ಟೀ ಅಂಗಡಿಗೆ ಹೋದರು. ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ.

ಎರಡನೆಯ ಸಲ ಸಂಘದವರ ಮುಂದೆ ತೋರಿಸಿದ್ದು ಆರಿದ್ರೆಯಲ್ಲಿ. ಕೇರಳದ ಕಡೆಯಿಂದ ಮೋಡ ಬಂದು ಸೋನೆ ಹಿಡಿದು ಸೂರ್ಯನನ್ನೇ ಕಂಡಿರಲಿಲ್ಲ. ಕಬಿನಿ ತುಂಬಿತಂತೆ ಎಂಬ ಮಾತು ಎಲ್ಲರ ಬಾಯಲ್ಲೂ. ಗೋದಾಮಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಒಳಗೆ ಕಂಬಳಿಯ ವಾಸನೆ. ಅಪ್ಪ ಬರಲಿಲ್ಲ. ಕರೆದರೂ ಬರುತ್ತಿರಲಿಲ್ಲ. ಕಂಪ್ಯೂಟರ್ ಹಾಕಿ ಪ್ರೋಗ್ರಾಮು ತೆಗೆದಿಡುವ ಕೆಲಸ ನನ್ನದು. ತೆಗೆದಿಟ್ಟೆ, ಹಳೆಯದನ್ನು.

ಸರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. “ಹೋದ ಸಲ ಒಬ್ಬರು ತಪ್ಪಾಗಿ ಒತ್ತಿ ಕೆಡಿಸಿಬಿಟ್ಟಿದ್ದರು. ನಾನು ಕೂತು ಎಲ್ಲ ಸರಿ ಮಾಡಿದ್ದೇನೆ. ಈಗ ಎಕರೆ ಗುಂಟೆ ಗೆರೆ ಹಾಕಿಯೇ ಒತ್ತಬಹುದು,” ಎಂದರು. ಪ್ರೇಮ ನನ್ನ ಮೊಣಕೈ ತಿವಿದಳು. ನಾನು ಎದ್ದು ನಿಂತೆ.

“ಸರ್, ನೀವೇ ಒತ್ತಿ ತೋರಿಸಿ ಸರ್. ನಿಮ್ಮ ಹನಗೋಡಿನ ಜಮೀನನ್ನೇ ಹಾಕಿ, ಎಲ್ಲರಿಗೂ ನಂಬಿಕೆ ಬರುತ್ತೆ.”

ಅಧ್ಯಕ್ಷರು “ಊಂ, ಅದ್ಸರಿ,” ಎಂದರು. ಸರ್‌ಗೆ ಆ ಮಾತು ಹಿಡಿಸಿತು. ಗತ್ತಿನಿಂದ ಬಂದು ಕೂತು ಮೂರು ಒತ್ತಿದರು, ಗೆರೆ ಒತ್ತಿದರು, ಹದಿನೈದು ಒತ್ತಿದರು, ಎಂಟರ್ ಕುಟ್ಟಿದರು.

ದನ: ಮೈನಸ್ ಹದಿನೈದು.

ಹೋದ ಸಲ ಕೂಗಿದವರೇ ಕೂಗಿದರು: “ಮೇಷ್ಟ್ರದೂ ಓದ್ವಲ್ಲಪ್ಪೋ ದನ!” ಆ ನಗುವಿಗೆ ಗೋದಾಮಿನ ತಗಡು ಹಾರಿಹೋಗಬೇಕಿತ್ತು. ಸರ್ ಪರದೆ ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು. “ವೈರಸ್ಸು, ವೈರಸ್ಸು,” ಎಂದು ತೊದಲಿದರು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. “ವೈರಸ್ಸೂ ಅಲ್ಲ, ಏನೂ ಅಲ್ಲ. ಅವತ್ತು ನಮ್ಮಪ್ಪ ಒತ್ತಿದ್ದು ಸರಿಯಾಗಿ. ಇವತ್ತು ಇವರು ಒತ್ತಿದ್ದೂ ಸರಿಯಾಗಿ. ತಪ್ಪಿದ್ದದ್ದು ಇವರು ಬರೆದದ್ದರಲ್ಲಿ. ಮಿಷಿನ್ ಯಾರೂ ಕೆಡಿಸಿರಲಿಲ್ಲ.” ಆಮೇಲೆ ಹೊಸ ಪ್ರೋಗ್ರಾಮು ತೆಗೆದು ಎರಡು, ಗೆರೆ, ಇಪ್ಪತ್ತು ಒತ್ತಿದೆ. ಅದು ದನ ಎಷ್ಟು ಎಂದು ಕೇಳಿ ತೆಪ್ಪಗೆ ಕಾಯುತ್ತಾ ನಿಂತಿತು. ನಾಲ್ಕು ಎಂದು ಒತ್ತಿ, ಲೆಕ್ಕ ಸರಿ ಬಂದದ್ದನ್ನು ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಮಳೆಯಲ್ಲೇ ಹೊರಟೆ. ಕೇಂದ್ರಕ್ಕೆ ಮತ್ತೆ ಹೋಗಲಿಲ್ಲ, ಅವರು ಸರ್ಟಿಫಿಕೇಟು ಕೊಡಲೂ ಇಲ್ಲ. ಮಾಡಿದ್ದಕ್ಕೆ ಅವತ್ತೂ ಪಶ್ಚಾತ್ತಾಪ ಪಟ್ಟಿಲ್ಲ, ಇವತ್ತೂ ಇಲ್ಲ. ಇನ್ನೊಂದು ಸಲ ಸಿಕ್ಕಿದರೂ ಹಳೆಯ ಪ್ರೋಗ್ರಾಮನ್ನೇ ಹಾಕುತ್ತೇನೆ.

ಬಸ್ಸಿನಲ್ಲಿ ನೆನೆದು ತೊಪ್ಪೆಯಾಗಿ ಕೂತಿದ್ದರೂ ನನಗೆ ಚಳಿಯಾಗಲಿಲ್ಲ. ಮನೆ ಮುಟ್ಟಿದೊಡನೆ ಅಪ್ಪನಿಗೆ ಹೇಳಬೇಕು, ಅವನು ಆ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುವುದನ್ನು ನೋಡಬೇಕು. ಇಡೀ ದಾರಿ ಅದೊಂದೇ ಯೋಚನೆ.

ಅಪ್ಪ ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಸರ್ ಕೂತದ್ದು, ಮೂರು-ಹದಿನೈದು ಒತ್ತಿದ್ದು, ಮೈನಸ್ ಹದಿನೈದು ಬಂದದ್ದು, ಗೋದಾಮೆಲ್ಲ ನಕ್ಕದ್ದು. ಅಪ್ಪ ಹುಲ್ಲಿನ ಹೊರೆ ಹಿಡಿದುಕೊಂಡೇ ಕೇಳಿದ.

“ಅವ್ರ್ ಕೈಲೂ ಕೆಟ್ಟೋಯ್ತಾ?” ಎಂದ. “ಅಯ್ಯೋ ಪಾಪ!”

“ಕೆಟ್ಟಿಲ್ಲ ಕಣಪ್ಪಾ! ಕೆಟ್ಟೇ ಇಲ್ಲ! ಅವತ್ತೂ ಕೆಟ್ಟಿರಲಿಲ್ಲ!”

“ಆಗ್ಲಿ ಬುಡವ್ವ. ಅಷ್ಟು ಓದಿರೋರ್ ಕೈಲೇ ಕೆಟ್ಟೋಯ್ತದೆ ಅಂದ್ಮೇಲೆ ಇನ್ ನನ್ನಂಥೋನ್ದು ಯಾವ್ ಲೆಕ್ಕ. ಎಲ್ರೆದ್ರಿಗೂ ಅವ್ರ್‌ನ ನಗಾಡ್ಬಾರ್ದಾಗಿತ್ತು ನೀನು. ಪಾಪ, ಮರ್ವಾದಸ್ತ್ರು.”

ನಾನು ಸೀಮೆಸುಣ್ಣ ತಂದು ಕೊಟ್ಟಿಗೆಯ ನೆಲದ ಮೇಲೆ ಬರೆದು ತೋರಿಸಿದೆ. ಎರಡು ಇಲ್ಲಿ ಹೋಗುತ್ತದೆ, ಗೆರೆ ಇಲ್ಲಿ ನಿಲ್ಲುತ್ತದೆ ಎಂದು ಮತ್ತೆ ಮತ್ತೆ ಹೇಳಿದೆ. ಅವನು ಊಂ ಊಂ ಎಂದ, ಜ್ವರ ಬಂದ ಮಗುವಿನ ಮಾತಿಗೆ ಅನ್ನುವ ಹಾಗೆ. ನಾನು ಸೀಮೆಸುಣ್ಣವನ್ನು ಗೋಡೆಗೆ ಎಸೆದು ಅತ್ತೆ. ಅಪ್ಪ ಹೆದರಿ ಅವ್ವನನ್ನು ಕರೆದ.

ಅದಾದ ಮೇಲೆ ಏನೇನೋ ಬಂದವು. ಊರಿಗೆ ಫೋನು ಬಂತು, ಟೀವಿಗೆ ರಿಮೋಟು ಬಂತು, ಪಂಪಿಗೆ ಗುಂಡಿ ಒತ್ತುವ ಪೆಟ್ಟಿಗೆ ಬಂತು. ಅಪ್ಪ ಒಂದನ್ನೂ ಮುಟ್ಟಲಿಲ್ಲ. ಪಂಪ್ ಹಾಕಲು ಉರಿಬಿಸಿಲಿನಲ್ಲೂ ನೆಂಟರ ಮನೆಗೆ ಹೋಗಿ ಯಾರನ್ನಾದರೂ ಕರೆದುಕೊಂಡು ಬರುತ್ತಿದ್ದ. ಪ್ರಭಾಕರ ಸರ್ ಕೇಂದ್ರ ಮುಚ್ಚಿ ಎಲ್ಲಿಗೋ ಹೋದರು, ಅವರು ಆಡಿದ ಮಾತು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಹೋದ ತಿಂಗಳು ಆ ಅಂಗಡಿಯವನಿಗೆ ಬೈದು, ಬಸ್ಸು ಸಿಕ್ಕಿ, ಊರು ಸೇರುವ ಹೊತ್ತಿಗೆ ಸಂಜೆಯಾಗುತ್ತಾ ಬಂದಿತ್ತು. ಅಪ್ಪ ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಮಣೆ, ಮಣೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ನಾನು ಕೊಡಿಸಿದ್ದ ಮೊಬೈಲು.

“ಎಷ್ಟು ಸಲ ಫೋನ್ ಮಾಡೋದಪ್ಪ? ಇಲ್ಲೇ ಕೂತಿದ್ದೀಯ, ಎತ್ತೋಕೇನು?” ಎಂದು ರೇಗಿದೆ.

“ಬಡ್ಕಂತಿತ್ತು ಕಣವ್ವ. ನಿಂದೇ ಇರ್ಬೇಕು ಅಂದ್ಕಂಡೆ. ನಿಮ್ಮವ್ವ ಒಲ್ದತ್ರ ಓಗಿದ್ಲು. ಯಾರೂ ಇರ್ನಿಲ್ಲ, ಅಸ್ರು ಗುಂಡಿ ಒತ್ಕೊಡಾಕೆ.”

“ಹಸಿರು ಗುಂಡಿ ನೀನೇ ಒತ್ತೋಕೆ ಏನಾಗಿತ್ತಪ್ಪ?”

ಅಪ್ಪ ಮೊಬೈಲಿನ ಮೇಲೆ ಬಿದ್ದಿದ್ದ ಮಳೆಯ ಎರಚಲನ್ನು ಟವಲ್ಲಿನ ತುದಿಯಿಂದ ಒರೆಸಿದ. ಬೆರಳು ತಾಗದ ಹಾಗೆ ಒರೆಸಿದ.

“ನೀ ಕೊಡ್ಸಿರಾದು ಕಣವ್ವ,” ಎಂದ. “ನಾ ಮುಟ್ಟಿ ಕೆಟ್ಟೋದ್ರೆ?”